ಮದ್ವೆ ಫೋಟೋ ಇಡೋಕೆ ಮನೇಲೊಂದು ಸರ್ವರ್: 40,000ದೊಳಗೆ ಯಾವ ಡಬ್ಬ ತಗೊಳ್ಳಲಿ?

ಶಟರ್_ದಾವಣಗೆರೆ
ನಮಸ್ಕಾರ ಎಲ್ರಿಗೂ. ದಾವಣಗೆರೇಲಿ ಚಿಕ್ಕ ಸ್ಟುಡಿಯೋ ಇದೆ, ಮದ್ವೆ ನಾಮಕರಣ ಗೃಹಪ್ರವೇಶ ಎಲ್ಲಾ ಮಾಡ್ತೀವಿ. ಇಷ್ಟು ವರ್ಷ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಲ್ಲೇ ಕಾಲ ಹಾಕಿದ್ದಾಯ್ತು, ಡ್ರಾಯರ್ ತುಂಬಾ 1 ಟಿಬಿ 2 ಟಿಬಿ ಡಿಸ್ಕ್‌ಗಳು, ಯಾರ ಮದ್ವೆ ಯಾವುದ್ರಲ್ಲಿದೆ ಅಂತ ಸ್ಟಿಕ್ಕರ್ ಅಂಟ್ಸಿದ್ರೆ ಅದೂ ಬಿದ್ದೋಗಿರತ್ತೆ. ಸ್ಟುಡಿಯೋ ಮೇಲೇ ಮನೆ, ಹಂಗಾಗಿ ಮನೇಲಿ ಒಂದು ಸ್ಟೋರೇಜ್ ಸರ್ವರ್ ಇಟ್ಟು ಕೆಳಗಿನ ಎಡಿಟಿಂಗ್ ಸಿಸ್ಟಮ್ ಇಂದ ನೇರ ಅದಕ್ಕೇ ಹಾಕೋಣ ಅಂತ. ಜೊತೆಗೆ ಮನೆಯವ್ರ ಮೊಬೈಲ್ ಫೋಟೋ ತಾನೇ ಬ್ಯಾಕಪ್ ಆಗ್ಬೇಕು (ಗೂಗಲ್‌ನ 15 ಜಿಬಿ ಯಾವತ್ತೋ ತುಂಬಿದೆ), ಟಿವೀಲಿ ಸಿನ್ಮಾ ಓಡಿದ್ರೆ ಅಮ್ಮಂಗೂ ಖುಷಿ. ಬಜೆಟ್ 40,000, ಎಳೆದಾಡಿದ್ರೆ ಇನ್ನೊಂದು ಐದು. ರೆಡಿಮೇಡ್ ಎರಡು ಬೇ ನ್ಯಾಸ್ (ಎರಡು ಡಿಸ್ಕ್ ಕೂರೋ ನೆಟ್‌ವರ್ಕ್ ಸ್ಟೋರೇಜ್ ಡಬ್ಬ), ಎನ್100 ಬೋರ್ಡ್ (ಇಂಟೆಲ್ ಚಿಪ್ ಕೂತಿರೋ ಚಿಕ್ಕ ಮದರ್‌ಬೋರ್ಡ್), ಬೆಂಗ್ಳೂರಿನ ಎಸ್‌ಪಿ ರೋಡ್ ಕಂಪ್ಯೂಟರ್ ಮಾರ್ಕೆಟ್ಟಿನ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಒಬ್ಬೊಬ್ರು ಒಂದೊಂದು ಹೇಳ್ತಾರೆ. 4 ಟಿಬಿ ಎರಡು ಹಾಕಿ ರೈಡ್ ಮಾಡಿದ್ರೆ ಸಾಕಲ್ವಾ? ಪ್ರೊಸೆಸರ್ ಯಾವ್ದು ಬೇಕು?

ಬೂಟ್‌ಲೂಪ್
ಪ್ರೊಸೆಸರ್ ಕತೆ ಆಮೇಲೆ. ಒಂದು ಮದ್ವೆಗೆ ಎಷ್ಟು ಜಿಬಿ ಆಗತ್ತೆ, ವರ್ಷಕ್ಕೆ ಎಷ್ಟು ಮದ್ವೆ, ಎಷ್ಟು ವರ್ಷ ಇಟ್ಕೋತೀರಿ, ಇದನ್ನ ಮೊದ್ಲು ಹೇಳಿ.

ಶಟರ್_ದಾವಣಗೆರೆ
ಸ್ಟಿಲ್ ಇಬ್ರು, ರಾ ಫೈಲ್ (ಕ್ಯಾಮೆರಾ ಕೊಡೋ ಮೂಲ ಫೈಲ್) ಒಂದೊಂದು 25-30 ಎಂಬಿ, ಇಬ್ರದ್ದೂ ಸೇರಿ ಮೂರು ನಾಲ್ಕು ಸಾವಿರ ಕ್ಲಿಕ್ ಆಗತ್ತೆ. ವಿಡಿಯೋ 4ಕೆ, 100 ಎಂಬಿಪಿಎಸ್, ಎರಡು ಗಂಟೆ ಫೂಟೇಜ್ ಗ್ಯಾರಂಟಿ. ವರ್ಷಕ್ಕೆ ಇಪ್ಪತ್ತೈದು ಹಿಡ್ಕೊಳಿ. ಕೆಲವ್ರು ಮೂರು ವರ್ಷ ಆದ್ಮೇಲೆ ಬಂದು ಅಣ್ಣ ಆ ಫೋಟೋ ಇದ್ಯಾ ಅಂತಾರೆ, ಇಲ್ಲ ಅನ್ನೋಕೆ ಮನಸ್ಸು ಬರಲ್ಲ.

ಬೂಟ್‌ಲೂಪ್
ಹಂಗಾದ್ರೆ ಲೆಕ್ಕ ನೋಡಿ. 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ, ಎರಡು ಗಂಟೆಗೆ 90. ಸ್ಟಿಲ್ಸ್ 100 ಜಿಬಿ. ಮದ್ವೆಗೆ ಹತ್ತತ್ರ 200 ಜಿಬಿ, ವರ್ಷಕ್ಕೆ 5 ಟಿಬಿ. ನೀವು 4 ಟಿಬಿ ಎರಡು ತಗೊಂಡು ರೈಡ್ 1 (ಮಿರರ್, ಅಂದ್ರೆ ಎರಡು ಡಿಸ್ಕಲ್ಲೂ ಅದೇ ಡೇಟಾ) ಮಾಡಿದ್ರೆ ಸಿಗೋದು 4, ವಿಂಡೋಸ್‌ನಲ್ಲಿ ಅದು 3.6 ಅಂತ ತೋರ್ಸತ್ತೆ, ಅಂದ್ರೆ ಒಂದು ಲಗ್ನಸರಾಯಿ ದಾಟಲ್ಲ. ಆಲ್ಬಮ್ ಕೊಟ್ಟ ಮೇಲೆ ರಿಜೆಕ್ಟ್ ಆಗಿರೋ ರಾ ಎಲ್ಲಾ ಅಳಿಸ್ತೀವಿ, ಸೆಲೆಕ್ಟೆಡ್ ಫೋಟೋ ಮತ್ತೆ ಫೈನಲ್ ವಿಡಿಯೋ ಮಾತ್ರ ಇಡ್ತೀವಿ ಅಂತ ನಿಯಮ ಮಾಡ್ಕೊಂಡ್ರೆ ಅದೇ 5 ಟಿಬಿ ಒಂದೂವರೆಗೆ ಇಳಿಯತ್ತೆ. ಈ ನಿಯಮಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಯಾವ ಹಾರ್ಡ್‌ವೇರ್ ತಗೊಂಡ್ರೂ ಇಷ್ಟು ಉಳಿತಾಯ ಆಗಲ್ಲ. ಅದಾದ್ಮೇಲೂ ನಿಮ್ಗೆ ಬೇಕಿರೋದು 8 ಟಿಬಿ ಡಿಸ್ಕ್. ಬಜೆಟ್ನ ಮುಕ್ಕಾಲು ಡಿಸ್ಕ್‌ಗೆ ಎತ್ತಿಟ್ಟು ಮಿಕ್ಕಿದ್ದಕ್ಕೆ ಸಿಗೋ ಡಬ್ಬ ತಗೊಳಿ.

ಎಸ್‌ಪಿ_ರೋಡ್_ಗಿರಾಕಿ
ಮಿಕ್ಕಿದ್ದಕ್ಕೆ ಸಿಗೋ ಡಬ್ಬ ಅಂದ್ರೆ ಆಫೀಸಿಂದ ಹೊರಗೆ ಬಂದಿರೋ ಡೆಸ್ಕ್‌ಟಾಪೇ, ಬೇರೆ ಮಾತಿಲ್ಲ. ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತೋಯ್ತು, ವಿಂಡೋಸ್ 11ಕ್ಕೆ ಇಂಟೆಲ್ 8ನೇ ಜನರೇಶನ್ ಇಂದ ಮೇಲೆ ಬೇಕು, ಹಂಗಾಗಿ 6ನೇದು 7ನೇದು ಎಲ್ಲಾ ಕಂಪನಿಗಳು ಲಾಟ್‌ಗಟ್ಲೆ ಬಿಟ್ಟವೆ. ನಮ್ಗೆ ಲಿನಕ್ಸ್ ತಾನೇ, ವಿಂಡೋಸ್ 11 ಓಡಿದ್ರೆಷ್ಟು ಬಿಟ್ರೆಷ್ಟು. ಆದ್ರೂ ನಾನು 8ನೇ ಜನರೇಶನ್ನೇ ಹೇಳೋದು, ಐ5-8500 ಅಂದ್ರೆ ಆರು ಕೋರ್, ಟಿವಿಗೆ ಸಿನ್ಮಾ ಟ್ರಾನ್ಸ್‌ಕೋಡ್ ಮಾಡೋಕೆ (ಟಿವಿ ಓದೋ ಫಾರ್ಮ್ಯಾಟ್‌ಗೆ ಬದಲಾಯ್ಸೋಕೆ) ಒಳಗಿನ ಗ್ರಾಫಿಕ್ಸ್ ಸಾಕು, 10 ಬಿಟ್ ಎಚ್‌ಇವಿಸಿ ವಿಡಿಯೋ ಕೂಡ ಹ್ಯಾಂಡಲ್ ಮಾಡತ್ತೆ, 6ನೇ ಜನರೇಶನ್‌ನಲ್ಲಿ ಅದು ಹಾರ್ಡ್‌ವೇರ್‌ನಲ್ಲಿ ಆಗಲ್ಲ. ಇನ್ನೊಂದು ವಿಷ್ಯ, ಈಗ ರ‍್ಯಾಮ್ ರೇಟ್ ಮುಗಿಲು ಮುಟ್ಟಿದೆಯಲ್ಲ (ಎಐ ಡೇಟಾ ಸೆಂಟರ್‌ನೋರು ಎಲ್ಲಾ ಬಾಚ್ಕೊಂಡ್ರು), ಇಂಥ ಟೈಮಲ್ಲಿ ಒಳಗೇ 8 ಅಥವಾ 16 ಜಿಬಿ ಕೂತಿರೋ ಸೆಕೆಂಡ್ ಹ್ಯಾಂಡ್ ಮಷೀನ್ ತಗೊಳೋದೇ ಜಾಣತನ, ಬೋರ್ಡ್ ಬೇರೆ ರ‍್ಯಾಮ್ ಬೇರೆ ಅಂತ ಹೋದ್ರೆ ಕೈ ಸುಡತ್ತೆ.

ಸೈಜ್ ಮಾತ್ರ ನೋಡ್ಕೊಂಡು ತಗೊಳಿ. ಅಂಗೈ ಅಗಲದ ಟೈನಿ, ಮೈಕ್ರೋ ಅಂತ ಬರತ್ತಲ್ಲ, ಅದ್ರಲ್ಲಿ 3.5 ಇಂಚ್ ಡಿಸ್ಕ್ ಕೂರಲ್ಲ, ಬೇಡ. ಎಸ್‌ಎಫ್‌ಎಫ್ (ಅದಕ್ಕಿಂತ ದೊಡ್ಡ ಚಪ್ಪಟೆ ಡಬ್ಬ) ಅಥವಾ ಟವರ್ ಕೇಳಿ. ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4 ಎಸ್‌ಎಫ್‌ಎಫ್‌ನಲ್ಲಿ 3.5 ಇಂಚ್ ಎರಡು ಕೂರತ್ತೆ, ಡೆಲ್ ಆಪ್ಟಿಪ್ಲೆಕ್ಸ್ 7060 ಎಸ್‌ಎಫ್‌ಎಫ್‌ನಲ್ಲಿ ಒಂದೇ. ಟವರ್ ಸಿಕ್ರೆ ಕಣ್ಮುಚ್ಚಿ ತಗೊಳಿ, ಆದ್ರೆ ಕಮ್ಮಿ ಬರತ್ತೆ. ಅಂಗಡೀಲೇ ಆನ್ ಮಾಡ್ಸಿ ಬಯೋಸ್ (ಮಷೀನಿನ ಮೂಲ ಸೆಟ್ಟಿಂಗ್ಸ್) ಒಳಗೆ ಹೋಗಿ ನೋಡಿ, ಹಳೇ ಕಂಪನಿಯವ್ರ ಪಾಸ್‌ವರ್ಡ್ ಹಂಗೇ ಇದ್ರೆ ಆ ಪೀಸ್ ವಾಪಸ್ ಕೊಟ್ಟು ಬೇರೆ ಕೇಳಿ. ಮುಚ್ಚಳ ತೆಗ್ಸಿ ಡಿಸ್ಕ್ ಸಿಕ್ಕಿಸೋ ಸಾಟಾ ಪೋರ್ಟ್ ಎಷ್ಟಿದೆ ಎಣಿಸಿ. ಜಿಎಸ್‌ಟಿ ಬಿಲ್ ಕೇಳಿ, ರೇಟ್ ಜಾಸ್ತಿ ಆಗತ್ತೆ ಸಾರ್ ಅಂತಾರೆ, ಆದ್ರೂ ಕೇಳಿ.

ಗಿರ್ಮಿಟ್_ಹುಬ್ಬಳ್ಳಿ
ಗಿರಾಕಿ ಅಣ್ಣಾರ, ನಿಮ್ದು ಎಲ್ಲಾ ಖರೆ ಐತ್ರಿ, ಆದ್ರ ಈ ದಾವಣಗೆರಿ ಅಣ್ಣಾರು ಫೋಟೋ ತಗೀಬೇಕೋ ಸರ್ವರ್ ಮುಂದ ಕುಂದ್ರಬೇಕೋ? ಸೀಸನ್ ನಡುವ ಅಪ್‌ಡೇಟ್ ಮಾಡಿ ಏನರ ಕೆಟ್ಟರ ಯಾರು ನೋಡಾವ್ರು? ನಮ್ಮ ಅಣ್ಣನ ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ರೆಡಿಮೇಡ್ ಎರಡು ಬೇ ಡಬ್ಬಿ ಇಟ್ಟೀವಿ, ಡಿಸ್ಕ್ ತುರುಕಿದ್ವಿ, ಬ್ರೌಸರ್‌ನ್ಯಾಗ ನಾಕು ಸಲ ನೆಕ್ಸ್ಟ್ ಒತ್ತಿದ್ವಿ, ಮುಗೀತು. ಮೊಬೈಲ್ ಆ್ಯಪೂ ಅವರದ ಐತಿ. ಕರೆಂಟೂ ಭಾಳ ತಿನ್ನಂಗಿಲ್ಲ. ರೊಕ್ಕ ಜಾಸ್ತಿ ಆಕ್ಕೈತಿ ಒಪ್ಕೋತೀನಿ, ಆದ್ರ ತಲಿ ತಣ್ಣಗ ಇರ್ತೈತಿ.

ಬೂಟ್‌ಲೂಪ್
ಗಿರ್ಮಿಟ್ ಹೇಳಿದ್ರಲ್ಲಿ ತಪ್ಪಿಲ್ಲ, ಟೈಮ್ ಇಲ್ದೋರಿಗೆ ರೆಡಿಮೇಡೇ ಸರಿ. ಆದ್ರೆ 40,000ದಲ್ಲಿ ಆಗಲ್ಲ, ಒಳ್ಳೇ ಎರಡು ಬೇ ಡಬ್ಬಕ್ಕೆ ಹೆಚ್ಚುಕಮ್ಮಿ ಅರ್ಧ ಬಜೆಟ್ ಹೋಗತ್ತೆ, ಅದೂ ಖಾಲಿ ಡಬ್ಬ. ಅಗ್ಗದ ಮಾಡೆಲ್ ತಗೊಂಡ್ರೆ ರ‍್ಯಾಮ್ 1 ಜಿಬಿ, ಅದನ್ನ ಜಾಸ್ತಿ ಮಾಡೋಕೂ ಆಗಲ್ಲ, ಇಮ್ಮಿಚ್ ಥರದ ಫೋಟೋ ಬ್ಯಾಕಪ್ ಸಾಫ್ಟ್‌ವೇರ್ ಅದ್ರಲ್ಲಿ ಓಡಲ್ಲ. ಮತ್ತೆ ಕಂಪನಿ ನಿಯಮ ಯಾವಾಗ ಬದಲಾಗತ್ತೋ ಗೊತ್ತಿಲ್ಲ. ನ್ಯಾಸ್ ಮಾಡೋ ಸಿನಾಲಜಿ ಕಂಪನಿ 2025ರ ಪ್ಲಸ್ ಮಾಡೆಲ್‌ಗಳಿಗೆ ನಮ್ಮ ಲಿಸ್ಟಲ್ಲಿರೋ ಡ್ರೈವೇ ಹಾಕ್ಬೇಕು ಅಂತ ಶುರು ಮಾಡಿ, ಜನ ಬೈದ್ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ತಮ್ಮ ನ್ಯಾಸ್ ಸಾಫ್ಟ್‌ವೇರ್ ಡಿಎಸ್‌ಎಂ 7.3 ಬಿಟ್ಟಾಗ ಹಾರ್ಡ್‌ಡಿಸ್ಕ್ ಮಟ್ಟಿಗೆ ಹಿಂದೆ ತಗೊಂಡ್ರು.

ಶಟರ್_ದಾವಣಗೆರೆ
ಓಪನ್ ಆಗಿ ಹೇಳ್ತೀನಿ, ಲಿನಕ್ಸ್ ಗೊತ್ತಿಲ್ಲ, ಆದ್ರೆ ಭಾವಮೈದ ಬಿಸಿಎ ಮುಗ್ಸಿದಾನೆ, ಅವ್ನು ಕೂತ್ಕೋತಾನೆ. ಎನ್100 ಯಾಕೆ ಯಾರೂ ಹೇಳ್ತಿಲ್ಲ? ಯೂಟ್ಯೂಬ್‌ನಲ್ಲಿ ಎಲ್ರೂ ಅದನ್ನೇ ಹೊಗಳ್ತಾರೆ.

ಎಸ್‌ಪಿ_ರೋಡ್_ಗಿರಾಕಿ
ಚಿಪ್ ಚೆನ್ನಾಗೇ ಇದೆ, ನಾಲ್ಕು ಕೋರ್, 6 ವ್ಯಾಟ್, ಬಿಸಿ ಆಗಲ್ಲ. ತೊಂದ್ರೆ ಏನಂದ್ರೆ ಯೂಟ್ಯೂಬ್‌ನೋರು ತೋರ್ಸೋ ಆರು ಸಾಟಾ ಪೋರ್ಟ್ ಇರೋ ಹಸ್ರು ಬೋರ್ಡ್ ಅಲಿಎಕ್ಸ್‌ಪ್ರೆಸ್ಸಿಂದು, ಅದು ನಮ್ಮಲ್ಲಿ 2020ರ ನವೆಂಬರ್‌ನಲ್ಲೇ ಬ್ಯಾನ್ ಆಗಿದೆ. ಇಲ್ಲಿ ಅಂಗಡೀಲಿ ಸಿಗೋ ಎಎಸ್‌ರಾಕ್ ಎನ್100 ಬೋರ್ಡ್‌ಗಳಲ್ಲಿ ಸಾಟಾ ಎರಡೇ. ಅದಕ್ಕೆ ರ‍್ಯಾಮ್, ಕೇಸ್, ಎಸ್‌ಎಂಪಿಎಸ್ (ಮಷೀನಿನ ಪವರ್ ಸಪ್ಲೈ), ಎಸ್‌ಎಸ್‌ಡಿ ಎಲ್ಲಾ ಹೊಸದಾಗಿ ತಗೊಳೋ ಹೊತ್ತಿಗೆ 8500 ಮಷೀನ್ ದುಡ್ಡು ದಾಟಿರತ್ತೆ, ಸ್ಪೀಡ್ ಅದಕ್ಕಿಂತ ಕಮ್ಮಿ. ಪೈ 5 ಬಗ್ಗೆ ಕೇಳಿದ್ರಿ, ಅದಕ್ಕೆ ಸಾಟಾ ಹ್ಯಾಟ್ (ಡಿಸ್ಕ್ ಸಿಕ್ಕಿಸೋ ಆಡ್‌ಆನ್ ಬೋರ್ಡ್), ಪವರ್ ಸಪ್ಲೈ, ಕೇಸ್ ಅಂತ ಸೇರಿಸ್ತಾ ಹೋದ್ರೆ ಅದೂ ಅಷ್ಟೇ ಆಗತ್ತೆ. ಯುಎಸ್‌ಬಿಗೆ ಡಿಸ್ಕ್ ನೇತಾಕೋ ಯೋಚನೆ ಇದ್ರೆ ಬಿಡಿ, ನಡುವೆ ಕನೆಕ್ಷನ್ ಹೋಗಿ ಬಂದು ಮಾಡತ್ತೆ, ಕೆಲವು ಎನ್‌ಕ್ಲೋಷರ್‌ನಲ್ಲಿ ಡಿಸ್ಕ್ ತನ್ನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟೂ ಆಚೆ ಬರಲ್ಲ.

ಹಾಂ, ಎಸ್‌ಪಿ ರೋಡಲ್ಲಿ ರ‍್ಯಾಕ್ ಸರ್ವರ್ ತೋರ್ಸಿ ಸಾರ್ ಝಿಯಾನ್ ಪ್ರೊಸೆಸರ್ ಇದೆ ಇಪ್ಪತ್ತನಾಲ್ಕು ಥ್ರೆಡ್ ಅಂತ ಎಳೀತಾರೆ, ಅಗ್ಗಾನೂ ಇರತ್ತೆ, ಹತ್ರ ಹೋಗ್ಬೇಡಿ. ಫ್ಯಾನ್ ಸದ್ದಿಗೆ ಮನೆಯವ್ರು ನಿಮ್ಮನ್ನೇ ಆಚೆ ಹಾಕ್ತಾರೆ.

ಮ್ಯೂನಿಕ್_ಮೈಸೂರಿಗ
ಸದ್ದು ಬಿಡಿ, ವ್ಯಾಟ್ ನೋಡಿ ಮೊದ್ಲು. ಇಲ್ಲಿ ಯುನಿಟ್‌ಗೆ 30 ಸೆಂಟ್ ಮೇಲೇ ಕೊಡ್ಬೇಕು, ಹಂಗಾಗಿ ನಾವು ಇಲ್ಲಿ ಒಂದೊಂದು ವ್ಯಾಟ್‌ಗೂ ಅಳ್ತೀವಿ. ಲೆಕ್ಕ ಸುಲಭ, 24 ಗಂಟೆ ಓಡೋ 10 ವ್ಯಾಟ್ ಅಂದ್ರೆ ತಿಂಗ್ಳಿಗೆ 7.2 ಯುನಿಟ್. 8ನೇ ಜನರೇಶನ್ ಎಸ್‌ಎಫ್‌ಎಫ್ ಕೆಲ್ಸ ಇಲ್ದಾಗ ಹದಿನೈದು ಇಪ್ಪತ್ತು ವ್ಯಾಟ್, ತಿರುಗ್ತಿರೋ 3.5 ಇಂಚ್ ಡಿಸ್ಕ್ ಒಂದೊಂದಕ್ಕೆ ನಾಲ್ಕೈದು. ಎರಡು ಡಿಸ್ಕ್ ಸೇರಿ 30 ಅಂತ ಇಟ್ಕೊಳಿ, ತಿಂಗ್ಳಿಗೆ 21-22 ಯುನಿಟ್. ಹಳೇ ರ‍್ಯಾಕ್ ಸರ್ವರ್ 120 ವ್ಯಾಟ್ ತಿಂದ್ರೆ 86 ಯುನಿಟ್. ಯುನಿಟ್‌ಗೆ ಆರು ರೂಪಾಯಿ ಹಾಕಿದ್ರೂ ತಿಂಗ್ಳಿಗೆ 130 ಎಲ್ಲಿ, 500ರ ಮೇಲೆ ಎಲ್ಲಿ, ಮೂರು ವರ್ಷ ಓಡಿದ್ರೆ ಅಗ್ಗಕ್ಕೆ ತಂದ ಸರ್ವರ್ ದುಬಾರಿ ಆಗಿರತ್ತೆ.

ಶಟರ್_ದಾವಣಗೆರೆ
ಅಯ್ಯೋ ಇದು ಮುಖ್ಯ. ಮನೆ ಮೀಟರ್ ಗೃಹಜ್ಯೋತೀಲಿದೆ, ಬಿಲ್ ಸೊನ್ನೆ ಬರ್ತಿದೆ. ಸರ್ವರ್ ಇಟ್ರೆ ಅದು ಹೋಗತ್ತಾ? ಸ್ಟುಡಿಯೋದು ಕಮರ್ಷಿಯಲ್ ಮೀಟರ್ ಬೇರೆ.

ಸುಮ್ನೆ_ಓದೋಳು
ಗೃಹಜ್ಯೋತೀಲಿ ಎಲ್ರಿಗೂ 200 ಯುನಿಟ್ ಫ್ರೀ ಅಂತಲ್ಲ ಅಲ್ವಾ, 2022-23ರಲ್ಲಿ ನಿಮ್ಮನೆ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಅಷ್ಟು ಫ್ರೀ. ಅದಕ್ಕಿಂತ ಮೇಲೆ ಹೋಗಿ 200ರ ಒಳಗಿದ್ರೆ ಹೆಚ್ಚಾಗಿದ್ದಕ್ಕೆ ಮಾತ್ರ ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್ ಬರತ್ತೆ. ಹಂಗಾಗಿ ನೋಡ್ಬೇಕಾಗಿರೋದು ಬೇಸಿಗೆ ತಿಂಗಳ ಬಿಲ್. ಏಪ್ರಿಲ್‌ನಲ್ಲಿ 150-160 ಇದ್ರೆ 22 ಯುನಿಟ್ ಸೇರಿದ್ರೂ ಪರ್ವಾಗಿಲ್ಲ, 185 ಬರ್ತಿದ್ರೆ ಮಾತ್ರ ಯೋಚ್ನೆ ಮಾಡಿ. ಮತ್ತೆ ಸ್ಟುಡಿಯೋ ಕೆಲ್ಸದ್ದನ್ನ ಮನೆ ಮೀಟರ್‌ಗೆ ಹಾಕೋದು ನಿಯಮದ ಪ್ರಕಾರ ಸರಿ ಇಲ್ಲ, ಕಮರ್ಷಿಯಲ್ ಮೀಟರ್‌ಗೇ ಹಾಕ್ಬಿಡಿ, ಯುನಿಟ್ ರೇಟ್ ಜಾಸ್ತಿ ಆದ್ರೂ 30 ವ್ಯಾಟ್‌ಗೆ ಏನ್ ಮಹಾ.

ಇಷ್ಟು ದಿನ ಸುಮ್ನೆ ಓದ್ತಿದ್ದೆ, ಲಾಗಿನ್ ಆಗಿದ್ದು ನಿಜ ಹೇಳ್ಬೇಕಂದ್ರೆ ಆ ರೈಡ್ 1 ವಿಷ್ಯಕ್ಕೆ. ಎರಡೇ ಡಿಸ್ಕ್‌ಗೆ ದುಡ್ಡಿದೆ ಅಂದ್ರೆ ಮಿರರ್ ಮಾಡ್ಬೇಡಿ. ಮಿರರ್‌ನಲ್ಲಿ ನೀವು ಒಂದು ಫೋಲ್ಡರ್ ಅಳಿಸಿದ್ರೆ ಅದೇ ಕ್ಷಣ ಎರಡರಲ್ಲೂ ಹೋಯ್ತು, ಎಡಿಟಿಂಗ್ ಸಿಸ್ಟಮ್‌ಗೆ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೆ ಎರಡೂ ಲಾಕ್, ಎಸ್‌ಎಂಪಿಎಸ್ ಸುಟ್ಟು ವೋಲ್ಟೇಜ್ ನುಗ್ಗಿದ್ರೆ ಎರಡೂ ಒಟ್ಟಿಗೇ. ಮಿರರ್ ಕಾಪಾಡೋದು ಒಂದೇ ಸಂದರ್ಭದಲ್ಲಿ, ಒಂದು ಡಿಸ್ಕ್ ತಾನಾಗೇ ಸತ್ತಾಗ. ಸ್ಟುಡಿಯೋದಲ್ಲಿ ಡೇಟಾ ಹೋಗೋದು ಹೆಚ್ಚಾಗಿ ಕೈತಪ್ಪಿ ಅಳಿಸಿ, ಕಾರ್ಡ್ ಕಾಪಿ ಆಯ್ತು ಅಂದ್ಕೊಂಡು ಫಾರ್ಮ್ಯಾಟ್ ಮಾಡಿ. ಒಂದು ಡಿಸ್ಕ್ ಮೇನ್, ಅದ್ರಲ್ಲಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ ಹಾಕಿ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿ, ಅಳಿಸಿದ್ರೂ ವಾಪಸ್ ತರ್ಬೋದು), ಇನ್ನೊಂದು ಡಿಸ್ಕ್‌ಗೆ ರಾತ್ರಿ ರೆಪ್ಲಿಕೇಶನ್ (ಹಂಗೇ ಕಾಪಿ). ಟ್ರೂನ್ಯಾಸ್ ಅನ್ನೋ ನ್ಯಾಸ್ ಸಾಫ್ಟ್‌ವೇರ್‌ನಲ್ಲಿ ಇದೆಲ್ಲಾ ಮೆನೂನಲ್ಲೇ ಇದೆ, ಕಮಾಂಡ್ ಹೊಡೆಯೋದೇ ಬೇಡ.

ಬೂಟ್‌ಲೂಪ್
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಸ್ನ್ಯಾಪ್‌ಶಾಟ್ ಮಿರರ್ ಮೇಲೂ ತಗೋಬೋದು, ಅಳಿಸಿದ್ದು ಅಲ್ಲೂ ವಾಪಸ್ ಸಿಗತ್ತೆ. ನೀವು ಹೇಳೋ ಥರ ಮಾಡಿದ್ರೆ ಬೆಳಿಗ್ಗೆ ಮದ್ವೆ ಡೇಟಾ ಹಾಕಿ, ಕಾರ್ಡ್ ಫಾರ್ಮ್ಯಾಟ್ ಮಾಡಿ, ಸಂಜೆ ರಿಸೆಪ್ಶನ್‌ಗೆ ಅದೇ ಕಾರ್ಡ್ ತಗೊಂಡು ಹೋದ್ರು, ಅಷ್ಟರಲ್ಲಿ ಮೇನ್ ಡಿಸ್ಕ್ ಹೋಯ್ತು ಅಂದ್ರೆ ಮುಹೂರ್ತದ ಫೋಟೋನೇ ಇಲ್ಲ. ಇನ್ನೊಂದು ಸಲ ತಾಳಿ ಕಟ್ಟಿ ಅನ್ನೋಕಾಗತ್ತಾ? ಮತ್ತೆ ಒಂದೇ ಡಿಸ್ಕಲ್ಲಿ ಝಡ್‌ಎಫ್‌ಎಸ್ ಇದ್ರೆ ಫೈಲ್ ಕೆಟ್ಟಿದೆ ಅಂತ ಹೇಳತ್ತೆ ಅಷ್ಟೇ, ತಾನೇ ಸರಿ ಮಾಡಲ್ಲ, ಮಿರರ್ ಇದ್ರೆ ಸರಿ ಮಾಡತ್ತೆ.

ಸುಮ್ನೆ_ಓದೋಳು
ಮುಹೂರ್ತದ ಮಾತು ಸರಿ, ಆದ್ರೆ ಅದಕ್ಕೆ ಪರಿಹಾರ ಡಿಸ್ಕ್ ಅಲ್ಲ, ಇನ್ನೆರಡು ಮೆಮೊರಿ ಕಾರ್ಡ್. ಎರಡು ಕಡೆ ಕಾಪಿ ಆಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡೋ ಹಾಗಿಲ್ಲ, ಅಷ್ಟೇ. ರಾತ್ರಿ ಬದ್ಲು ಗಂಟೆಗೊಂದ್ಸಲ ರೆಪ್ಲಿಕೇಟ್ ಮಾಡಿದ್ರೂ ಆಯ್ತು. ನಾನು ಹೇಳ್ತಿರೋದು ದುಡ್ಡು ಕಮ್ಮಿ ಇದ್ದಾಗ ಯಾವುದು ಮೊದ್ಲು ಅಂತ. ಮೊದ್ಲು ಎರಡನೇ ಕಾಪಿ, ಆಮೇಲೆ ಮನೆ ಆಚೆ ಮೂರನೇ ಕಾಪಿ, ಆಮೇಲೂ ದುಡ್ಡು ಮಿಕ್ಕಿದ್ರೆ ಮಿರರ್. ಎಷ್ಟೋ ಜನ ಇದನ್ನ ತಲೆಕೆಳಗೆ ಮಾಡಿ ಮಿರರ್‌ಗೇ ನಿಂತ್ಬಿಡ್ತಾರೆ.

ಬೂಟ್‌ಲೂಪ್
ಮೆಮೊರಿ ಕಾರ್ಡ್ ಮಾತು ಒಪ್ಪಿದೆ. ಆ ಶಿಸ್ತು ಇದ್ರೆ ನಿಮ್ದೇ ಸರಿ.

ಗಿರ್ಮಿಟ್_ಹುಬ್ಬಳ್ಳಿ
ಮೂರನೇ ಕಾಪಿ ಕ್ಲೌಡಿಗಿ ಹಾಕಬಹುದಲ್ರಿ?

ಮ್ಯೂನಿಕ್_ಮೈಸೂರಿಗ
ಪೂರ್ತಿ ರಾ ಫೂಟೇಜ್ ಕ್ಲೌಡ್‌ಗೆ ಕಷ್ಟ. ಬ್ಯಾಕ್‌ಬ್ಲೇಜ್ ಬಿ2 ಅನ್ನೋ ಕ್ಲೌಡ್ ಸ್ಟೋರೇಜ್ 2025ರಲ್ಲಿ ಟಿಬಿಗೆ ತಿಂಗ್ಳಿಗೆ 6 ಡಾಲರ್ ಇತ್ತು, ಆ ಲೆಕ್ಕದಲ್ಲಿ 5 ಟಿಬಿ ಅಂದ್ರೆ ತಿಂಗ್ಳಿಗೆ 30 ಡಾಲರ್, ಒಂದು ವರ್ಷದಲ್ಲಿ ಒಳ್ಳೇ ಡಿಸ್ಕೇ ಬಂತು. ಅಪ್‌ಲೋಡ್ 50 ಎಂಬಿಪಿಎಸ್ ನಿರಂತರ ಸಿಕ್ಕಿದ್ರೂ 4 ಟಿಬಿ ಏರಿಸೋಕೆ ವಾರ ದಾಟತ್ತೆ, ನಿಮ್ಮಲ್ಲಿ ಅನ್‌ಲಿಮಿಟೆಡ್ ಅಂತ ಕೊಡೋ ಎಷ್ಟೋ ಫೈಬರ್ ಪ್ಲಾನ್‌ಗಳಲ್ಲಿ ತಿಂಗ್ಳಿಗೆ 3.3 ಟಿಬಿ ಆದ್ಮೇಲೆ ಸ್ಪೀಡ್ ಇಳಿಯತ್ತಲ್ಲ, ಅದೂ ಇದೆ. ಫೈನಲ್ ಆಲ್ಬಮ್, ಮನೆ ಫೋಟೋ ಮಾತ್ರ ಕ್ಲೌಡ್‌ಗೆ, ಮಿಕ್ಕಿದ್ದು ನಿಮ್ಮ ಡ್ರಾಯರಲ್ಲಿರೋ ಆ ಹಳೇ ಡಿಸ್ಕ್‌ಗಳಿಗೇ ಹಾಕಿ ಅಕ್ಕನ ಮನೇಲೋ ತಂಗಿ ಮನೇಲೋ ಬೀರೂನಲ್ಲಿಡಿ.

ಶಟರ್_ದಾವಣಗೆರೆ
ಹರಿಹರದಲ್ಲಿ ಅಕ್ಕ ಇದಾಳೆ, ಆಗತ್ತೆ. ಹಂಗಾದ್ರೆ ಡಿಸ್ಕ್ ಯಾವ್ದು? ಆನ್‌ಲೈನಲ್ಲಿ ಬರಾಕುಡಾ 8 ಟಿಬಿ ನ್ಯಾಸ್ ಡಿಸ್ಕ್‌ಗಿಂತ ಅಗ್ಗ ಇದೆ. ನಮ್ಮೂರ ಸಿಸಿಟಿವಿ ಅಂಗಡಿಯವ್ನು ಪರ್ಪಲ್ ಡಿಸ್ಕ್ ಕೊಡ್ತೀನಿ ಅಂತಾನೆ.

ಎಸ್‌ಪಿ_ರೋಡ್_ಗಿರಾಕಿ
ಆ ಬರಾಕುಡಾ 8 ಟಿಬಿ ಎಸ್‌ಎಂಆರ್, ಬೇಡ. ಎಸ್‌ಎಂಆರ್ ಅಂದ್ರೆ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರತ್ತೆ, ಮಧ್ಯ ಒಂದನ್ನ ತಿದ್ದಬೇಕಂದ್ರೆ ಪಕ್ಕದ್ದೆಲ್ಲಾ ಮತ್ತೆ ಬರೀಬೇಕು. ಮೊದ್ಲು ಕಾಪಿ ಚೆನ್ನಾಗೇ ಓಡತ್ತೆ, ಡಿಸ್ಕ್‌ನ ಕ್ಯಾಶ್ ಜಾಗ ತುಂಬಿದ ಮೇಲೆ ದಬಕ್ ಅಂತ ಬೀಳತ್ತೆ, ಝಡ್‌ಎಫ್‌ಎಸ್ ಜೊತೆ ಸೇರಿದ್ರಂತೂ ಡಿಸ್ಕ್ ಬದಲಾಯ್ಸಿ ಮತ್ತೆ ತುಂಬಿಸೋದು ದಿನಗಟ್ಲೆ. 2020ರಲ್ಲಿ ಡಬ್ಲ್ಯೂಡಿ ರೆಡ್‌ನ 2 ಇಂದ 6 ಟಿಬಿ ಕೆಲವು ಮಾಡೆಲ್‌ನಲ್ಲಿ ಹೇಳ್ದೇ ಎಸ್‌ಎಂಆರ್ ಹಾಕಿದ್ದು ಗೊತ್ತಾಗಿ ಗಲಾಟೆ ಆಯ್ತಲ್ಲ, ಆಮೇಲೆ ಸಿಎಂಆರ್‌ನ (ಟ್ರ್ಯಾಕ್ ಒಂದರ ಮೇಲೊಂದು ಹತ್ತದ್ದು) ರೆಡ್ ಪ್ಲಸ್ ಅಂತ ಬೇರೆ ಮಾಡಿದ್ರು. ಈಗ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್, ಎರಡೂ ಸಿಎಂಆರ್, ಯಾವ್ದು ಅಗ್ಗ ಸಿಗತ್ತೋ ಅದು.

ಸಿಸಿಟಿವಿ ಡಿಸ್ಕ್ ಬಗ್ಗೆ ಜನ ಸುಮ್ನೆ ಹೆದರ್ಸ್ತಾರೆ, ವಿಡಿಯೋ ಫ್ರೇಮ್ ಹೋದ್ರೂ ಪರ್ವಾಗಿಲ್ಲ ಅಂತ ಎರರ್ ಬಿಟ್ಬಿಡತ್ತೆ ಅಂತ. ಅದು ಡಿವಿಆರ್ ಸ್ಪೆಷಲ್ ಕಮಾಂಡ್ ಕಳ್ಸಿದಾಗ ಮಾತ್ರ, ಲಿನಕ್ಸ್ ಅದನ್ನ ಕಳ್ಸಲ್ಲ, ಮಾಮೂಲಿ ಡಿಸ್ಕ್ ಥರಾನೇ ಇರತ್ತೆ. 24 ಗಂಟೆ ಓಡೋಕೇ ಮಾಡಿರೋದು. ದೊಡ್ಡ ಲಾಭ ಏನಂದ್ರೆ ಊರಲ್ಲೇ ಸಿಗತ್ತೆ, ಕೊರಿಯರ್‌ನೋರು ಎಸೆದಾಡಿರಲ್ಲ, ಕೆಟ್ರೆ ಅದೇ ಅಂಗಡಿ ಮುಂದೆ ನಿಂತ್ಕೋಬೋದು. ಮಾಡೆಲ್ ನಂಬರ್ ಕಂಪನಿ ಸೈಟಲ್ಲಿ ಹಾಕಿ ಸಿಎಂಆರ್ ಅಂತ ನೋಡ್ಕೊಂಡು ತಗೊಳಿ.

ಮ್ಯೂನಿಕ್_ಮೈಸೂರಿಗ
ಡಿಸ್ಕ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ, ಹೊಸದು ಅಂತ ಕೊಟ್ರೂ ಚೆಕ್ ಮಾಡಿ. 2025ರ ಜನವರೀಲಿ ಇಲ್ಲಿ ಜರ್ಮನೀಲೇ ಹಳೇ ಸೀಗೇಟ್ ಎಕ್ಸೋಸ್ ಡಿಸ್ಕ್‌ಗಳ ಪವರ್ ಆನ್ ಗಂಟೆ ಸೊನ್ನೆ ಮಾಡಿ ಹೊಸದು ಅಂತ ಅಂಗಡಿಗಳಿಗೇ ತಳ್ಳಿದ್ದು ಬಯಲಿಗೆ ಬಂತು, ಮಾಮೂಲಿ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ, ಫಾರ್ಮ್ ಅಂತ ಒಳಗಿನ ಇನ್ನೊಂದು ಲಾಗ್ ಇರತ್ತೆ ಅದ್ರಲ್ಲಿ ಸಾವಿರಾರು ಗಂಟೆ ಓಡಿದ್ದು ಕಾಣ್ತಿತ್ತು. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಸಾಫ್ಟ್‌ವೇರ್‌ನ 7.4 ಇಂದ ಅದನ್ನ ಓದ್ಬೋದು. ಎರಡೂ ತಾಳೆ ಆಗ್ಬೇಕು. ಸೀರಿಯಲ್ ನಂಬರ್ ಕಂಪನಿ ವಾರಂಟಿ ಪುಟದಲ್ಲಿ ಹಾಕಿ, ಇಂಡಿಯಾಗೆ ವಾರಂಟಿ ಇದ್ಯಾ ಅಂತಾನೂ ನೋಡಿ. ನನ್ನ ಫ್ರೆಂಡ್ಸ್ ಊರಿಗೆ ಬರೋವಾಗ ಸೂಟ್‌ಕೇಸಲ್ಲಿ ಡಿಸ್ಕ್ ತರಿಸ್ಕೋತಾರೆ, ಕೆಟ್ರೆ ವಾಪಸ್ ಇಲ್ಲಿಗೇ ಕಳಿಸ್ಬೇಕು.

ಎಂತ_ಮಾರಾಯ್ರೆ
ನೀವೆಲ್ಲ ಡಿಸ್ಕ್ ಪ್ರೊಸೆಸರ್ ಅಂತ ಇಷ್ಟು ಮಾತಾಡಿದ್ರಿ, ಕರೆಂಟ್ ಹೋಗುದರ ಬಗ್ಗೆ ಒಬ್ರೂ ಎಂತದೂ ಹೇಳ್ಲಿಲ್ಲ ಅಲ್ವಾ. ನಾನು ಮಂಗಳೂರಿನವ, ಇಲ್ಲಿ ಏಪ್ರಿಲ್ ಮೇ ಬಂತಂದ್ರೆ ಸಂಜೆ ಸಿಡಿಲು ಶುರು, ಮಳೆ ಬಂದ್ಮೇಲೆ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗ್ತದೆ ಅಂತ ಲೆಕ್ಕ ಇಲ್ಲ. ಡಿಸ್ಕ್ ಬರೀತಿರುವಾಗ ಫಕ್ ಅಂತ ಹೋದ್ರೆ ಎಂತ ಮಾಡ್ತೀರಿ? ಮೊದ್ಲು ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಕರ್ಸಿ ನೋಡ್ಸಿ, ಕೇಸ್ ಮುಟ್ಟಿದ್ರೆ ಜುಮ್ ಅಂತದೆ ಅಂದ್ರೆ ಅಲ್ಲಿಗೇ ನಿಲ್ಸಿ. ಆಮೇಲೆ ಯುಪಿಎಸ್. ಗುಡುಗು ಜೋರಾಗಿದ್ರೆ ಪ್ಲಗ್ ಮಾತ್ರ ಅಲ್ಲ, ನೆಟ್‌ವರ್ಕ್ ಕೇಬಲನ್ನೂ ತೆಗೀಬೇಕು, ಅದ್ರಲ್ಲೂ ಮನೆ ಆಚೆ ಗೋಡೆ ಮೇಲೆ ಹಾದು ಬಂದ ತಾಮ್ರದ ಕೇಬಲ್ ಇದ್ರೆ. ಫೈಬರ್‌ನಲ್ಲಿ ಸಿಡಿಲು ಬರೂದಿಲ್ಲ, ತಾಮ್ರದಲ್ಲಿ ಬರ್ತದೆ.

ಶಟರ್_ದಾವಣಗೆರೆ
ಇನ್ವರ್ಟರ್ ಇದೆ ಮನೇಲಿ, ಸಾಕಲ್ವಾ?

ಎಂತ_ಮಾರಾಯ್ರೆ
ಇನ್ವರ್ಟರ್ ಸೈನ್ ವೇವ್ ಆ, ಸ್ಕ್ವೇರ್ ವೇವ್ ಆ ನೋಡಿ. ಈ ಬ್ರ್ಯಾಂಡೆಡ್ ಮಷೀನುಗಳ ಎಸ್‌ಎಂಪಿಎಸ್‌ಗೆ ಸ್ಕ್ವೇರ್ ವೇವ್ ಕೆಲವು ಸಲ ಆಗಿ ಬರೂದಿಲ್ಲ. ಸೈನ್ ವೇವ್ ಆದ್ರೆ ಹಿಂದೆಯೋ ಮುಂದೆಯೋ ಯುಪಿಎಸ್ ಮೋಡ್ ಅಂತ ಸ್ವಿಚ್ಚುಂಟು, ಅದನ್ನು ಹಾಕಿಡಿ, ಇಲ್ಲದಿದ್ರೆ ಬದಲಾಗುವಷ್ಟರಲ್ಲಿ ಮಷೀನ್ ರೀಸ್ಟಾರ್ಟ್ ಆಗ್ತದೆ. ಆದ್ರೆ ಇನ್ವರ್ಟರ್ ಬ್ಯಾಟರಿ ಮುಗಿಯುವಾಗ ಸರ್ವರ್‌ಗೆ ಹೇಳುದಿಲ್ಲ ಮಾರಾಯ್ರೆ. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ತಗೊಂಡ್ರೆ ನಟ್ ಅಂತ ಸಾಫ್ಟ್‌ವೇರ್ ಉಂಟು, ಬ್ಯಾಟರಿ ಇಳಿದ ಕೂಡ್ಲೆ ಸರಿಯಾಗಿ ಶಟ್‌ಡೌನ್ ಮಾಡ್ತದೆ. ಅಗ್ಗದ 600 ವಿಎ ಯುಪಿಎಸ್‌ಗಳಲ್ಲಿ ಆ ಪೋರ್ಟೇ ಇರೂದಿಲ್ಲ, ಕೇಳಿ ತಗೊಳಿ.

ಗಿರ್ಮಿಟ್_ಹುಬ್ಬಳ್ಳಿ
ಪೋರ್ಟ್ ಇಲ್ದಿದ್ರ ನಾವು ಹಿಂಗ ಮಾಡೀವ್ರಿ. ಇನ್ವರ್ಟರ್ ಲೈನಿಗಿ ಹಚ್ಚದ ಪ್ಲಗ್ಗಿಗಿ ಒಂದು ಹಳೆ ರೌಟರ್ ಹಚ್ಚಿ ಇಟ್ಟೀವಿ, ನೆಟ್‌ವರ್ಕ್‌ನ್ಯಾಗ ಐತಿ ಅಷ್ಟ. ಸರ್ವರ್ ಅದಕ್ಕ ನಿಮಿಷಕ್ಕೊಮ್ಮಿ ಪಿಂಗ್ ಮಾಡ್ತೈತಿ, ಹತ್ತು ನಿಮಿಷ ಉತ್ರ ಬರ್ಲಿಲ್ಲಂದ್ರ ಲೈನ್ ಹೋಗೈತಿ ಅಂತ ತಿಳ್ಕೊಂಡು ತಾನ ಬಂದ್ ಆಕ್ಕೈತಿ. ನಾಕು ಸಾಲಿನ ಸ್ಕ್ರಿಪ್ಟ್, ನಿಮ್ಮ ಭಾವಮೈದುನ ಬರದ ಕೊಡ್ತಾನ. ಲೈನ್ ಬಂದ್ಮ್ಯಾಲ ಶುರು ಮಾಡೂದು ಮಾತ್ರ ಕೈಲೆನ ಮಾಡ್ರಿ.

ಬೂಟ್‌ಲೂಪ್
ಇದು ಸೂಪರ್. ಶಟರ್ ಅವ್ರೇ, ಇನ್ನೊಂದು, ಏನೂ ತಗೊಳೋಕೆ ಮುಂಚೆ ಮೇಲಿನ ಮನೆಗೂ ಸ್ಟುಡಿಯೋಗೂ ಇರೋ ಕೇಬಲ್ ಟೆಸ್ಟ್ ಮಾಡಿ. ಈಗ ಲ್ಯಾಪ್‌ಟಾಪ್ ಮೇಲಿಟ್ಟು ಕೆಳಗಿಂದ ದೊಡ್ಡ ಫೈಲ್ ಕಾಪಿ ಮಾಡಿದ್ರೆ ಎಷ್ಟು ಸ್ಪೀಡ್ ಬರತ್ತೆ?

ಶಟರ್_ದಾವಣಗೆರೆ
ಮಾಡಿ ನೋಡ್ದೆ. 11 ಎಂಬಿ, ಅಲ್ಲಿಗೇ ನಿಂತಿದೆ, ಮೇಲೆ ಏರ್ತಾನೇ ಇಲ್ಲ. ಕೇಬಲ್ ಕ್ಯಾಟ್ 6 ಅಂತಾನೇ ಬರ್ದಿದೆ.

ಬೂಟ್‌ಲೂಪ್
11 ಅಂದ್ರೆ ಲಿಂಕ್ 100 ಎಂಬಿಪಿಎಸ್‌ಗೆ ಸಿಕ್ಕಾಕೊಂಡಿದೆ. ಗಿಗಾಬಿಟ್ ಆದ್ರೆ 110 ಬರ್ಬೇಕು. ಕೇಬಲ್ ಹಾಕ್ದೋರು ಎಂಟು ವೈರಲ್ಲಿ ನಾಲ್ಕೇ ಕ್ರಿಂಪ್ ಮಾಡಿರ್ತಾರೆ, ಕ್ಯಾಮೆರಾಗೆ ಅಷ್ಟೇ ಸಾಕಾಗತ್ತೆ. 100ಕ್ಕೆ ಎರಡು ಜೋಡಿ ವೈರ್ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎರಡೂ ತುದಿ ಕಟ್ ಮಾಡಿ ಎಂಟೂ ವೈರ್ ಹಾಕಿ ಕ್ರಿಂಪ್ ಮಾಡ್ಸಿ, ಕನೆಕ್ಟರ್‌ಗೆ ಹತ್ತಿಪ್ಪತ್ತು ರೂಪಾಯಿ. ನಡುವೆ ಹಳೇ 10/100 ಸ್ವಿಚ್ ಏನಾದ್ರೂ ಇದ್ರೆ ಅದನ್ನೂ ಬದಲಾಯ್ಸಿ. 11ರಲ್ಲಿ 200 ಜಿಬಿ ಹೋಗೋಕೆ ಐದು ಗಂಟೆ, 110ರಲ್ಲಿ ಅರ್ಧ ಗಂಟೆ. 2.5 ಗಿಗಾಬಿಟ್ ಈಗ ಬೇಡ.

ಸುಮ್ನೆ_ಓದೋಳು
ಮತ್ತೆ ಮೊಬೈಲಿಂದ ಆಚೆ ಇದ್ದಾಗ್ಲೂ ನೋಡ್ಬೇಕು ಅಂತ ರೌಟರ್‌ನಲ್ಲಿ ಪೋರ್ಟ್ ಓಪನ್ ಮಾಡೋಕೆ (ಇಂಟರ್ನೆಟ್‌ನಿಂದ ಸರ್ವರ್‌ಗೆ ನೇರ ಬಾಗಿಲು ತೆಗೆಯೋಕೆ) ಹೋಗ್ಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಅಂತ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ನ್ಯಾಸ್‌ಗಳನ್ನ ಹುಡುಕಿ ಹುಡುಕಿ ಲಾಕ್ ಮಾಡಿತ್ತು. ನಮ್ಮ ಎಷ್ಟೋ ಫೈಬರ್ ಕನೆಕ್ಷನ್ ಸಿಜಿನ್ಯಾಟ್ (ಎಷ್ಟೋ ಮನೆಗೆ ಒಂದೇ ಐಪಿ ವಿಳಾಸ) ಹಿಂದೆ ಇರೋದ್ರಿಂದ ಪೋರ್ಟ್ ಓಪನ್ ಮಾಡೋಕೂ ಆಗಲ್ಲ, ಒಂಥರಾ ಒಳ್ಳೇದೇ. ಟೇಲ್‌ಸ್ಕೇಲ್ (ಮನೆ ನೆಟ್‌ವರ್ಕ್‌ಗೆ ಖಾಸಗಿ ದಾರಿ ಮಾಡೋ ವಿಪಿಎನ್) ಹಾಕಿ, ಮನೆ ಬಳಕೆಗೆ ಫ್ರೀ.

ಶಟರ್_ದಾವಣಗೆರೆ
ಅಪ್‌ಡೇಟ್. ಎಲ್ರಿಗೂ ಥ್ಯಾಂಕ್ಸ್. ಕೇಬಲ್ ತುದಿ ಬಿಚ್ಚಿದ್ರೆ ನೀವು ಹೇಳ್ದಂಗೇ ನಾಲ್ಕೇ ವೈರ್, ಈಗ 108 ಬರ್ತಿದೆ. ಬೆಂಗ್ಳೂರಿಗೆ ಆಲ್ಬಮ್ ಪ್ರಿಂಟಿಂಗ್‌ಗೆ ಹೋದಾಗ ಎಸ್‌ಪಿ ರೋಡಲ್ಲಿ ಎಲೀಟ್‌ಡೆಸ್ಕ್ 800 ಜಿ4 ಎಸ್‌ಎಫ್‌ಎಫ್ ತಗೊಂಡೆ, ಐ5-8500, 16 ಜಿಬಿ ರ‍್ಯಾಮ್, 256 ಎಸ್‌ಎಸ್‌ಡಿ. ಮೊದ್ಲು ತೋರ್ಸಿದ ಪೀಸಲ್ಲಿ ಬಯೋಸ್ ಪಾಸ್‌ವರ್ಡ್ ಇತ್ತು, ಬೇರೆ ಕೇಳ್ದೆ, ಅವ್ನು ಮುಖ ಊದಿಸ್ಕೊಂಡು ಕೊಟ್ಟ. ಡಿಸ್ಕ್ ಈಗ 8 ಟಿಬಿ ಒಂದೇ, ಊರಲ್ಲೇ ಪರ್ಪಲ್, ಸಿಎಂಆರ್ ನೋಡ್ಕೊಂಡೇ ತಗೊಂಡಿದ್ದು. ಎರಡನೇದು ಮುಂದಿನ ಪೇಮೆಂಟ್ ಬಂದ್ಮೇಲೆ, ಅಲ್ಲಿವರೆಗೂ ಎರಡನೇ ಕಾಪಿ ಹಳೇ ಎಕ್ಸ್‌ಟರ್ನಲ್‌ಗಳಲ್ಲೇ. ಮಿಕ್ಕಿದ ದುಡ್ಡಲ್ಲಿ ಯುಎಸ್‌ಬಿ ಪೋರ್ಟ್ ಇರೋ ಯುಪಿಎಸ್, ಎರಡು ಮೆಮೊರಿ ಕಾರ್ಡ್. ಡೇಟಾ ಹಾಕೋಕೆ ಮುಂಚೆ ಏನಾದ್ರೂ ಟೆಸ್ಟ್ ಮಾಡ್ಬೇಕಾ?

ಎಸ್‌ಪಿ_ರೋಡ್_ಗಿರಾಕಿ
ಸ್ಮಾರ್ಟ್ ಎಕ್ಸ್‌ಟೆಂಡೆಡ್ ಟೆಸ್ಟ್ ಹಾಕಿ, 8 ಟಿಬಿಗೆ ಹೆಚ್ಚುಕಮ್ಮಿ ಒಂದು ದಿನ ಹಿಡಿಯತ್ತೆ. ಆಮೇಲೆ ರಿಪೋರ್ಟಲ್ಲಿ 5, 197, 198 ನಂಬರ್ ಸಾಲು (ಕೆಟ್ಟ ಸೆಕ್ಟರ್ ಲೆಕ್ಕ) ಸೊನ್ನೆ ಇರ್ಬೇಕು, ಒಂದು ಇದ್ರೂ ವಾರಂಟಿಗೆ ಕೊಡಿ. 199 ಏರ್ತಿದ್ರೆ ಡಿಸ್ಕ್ ತಪ್ಪಲ್ಲ, ಸಾಮಾನ್ಯವಾಗಿ ಸಾಟಾ ಕೇಬಲ್, ಬದಲಾಯ್ಸಿ. ಆ ಎಚ್‌ಪೀಲಿ ಡಿಸ್ಕ್‌ಗೆ ಪವರ್ ಮದರ್‌ಬೋರ್ಡಿಂದಾನೇ ಬರತ್ತೆ, ಎರಡಕ್ಕೆ ಸಾಕು, ಸ್ಪ್ಲಿಟರ್ ಹಾಕಿ ಮೂರು ನಾಲ್ಕು ತುರುಕೋಕೆ ಹೋಗ್ಬೇಡಿ, ಶುರುವಾಗೋವಾಗ ಒಂದೊಂದು ಡಿಸ್ಕೂ 12 ವೋಲ್ಟ್‌ನಲ್ಲಿ ಎರಡು ಆ್ಯಂಪ್ ಹತ್ರ ಎಳಿಯತ್ತೆ.

ಶಟರ್_ದಾವಣಗೆರೆ
ಟೆಸ್ಟ್ ಪಾಸ್, ಮೂರೂ ಸೊನ್ನೆ. ಹಳೇ ಡಿಸ್ಕ್‌ಗಳಿಂದ ಕಾಪಿ ಶುರು ಮಾಡಿದೀನಿ. ಒಂದು 2 ಟಿಬಿ ಡಿಸ್ಕ್ ಟಿಕ್ ಟಿಕ್ ಅಂತಿದೆ, ಎರಡು ಮದ್ವೆ ಅದ್ರಲ್ಲಿ ಮಾತ್ರ ಇರೋದು.

ಸುಮ್ನೆ_ಓದೋಳು
ಅದನ್ನ ಈಗ್ಲೇ ಸಿಸ್ಟಮ್ ಇಂದ ಬಿಚ್ಚಿಡಿ, ಫೋಲ್ಡರ್ ಓಪನ್ ಮಾಡಿ ಥಂಬ್‌ನೇಲ್ ನೋಡ್ತಾ ಕೂರ್ಬೇಡಿ, ಅದೇ ಡಿಸ್ಕ್‌ಗೆ ಹೆಚ್ಚು ಹೊರೆ. ಆ ಎರಡು ಮದ್ವೆಗೆ ಬೇರೆ ಕಾಪೀನೇ ಇಲ್ಲ, ದುಡ್ಡು ಕೊಟ್ಟೋರ ಫೋಟೋ ಅಂದ್ರೆ ಡೇಟಾ ರಿಕವರಿ ಲ್ಯಾಬ್‌ಗೆ ಕೊಡೋದೇ ಕ್ಷೇಮ. ಅಷ್ಟು ಖರ್ಚು ಆಗಲ್ಲ ಅಂದ್ರೆ ಮಾತ್ರ ಭಾವಮೈದನಿಗೆ ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್ ಹುಡುಕೋಕೆ ಹೇಳಿ, ಪೂರ್ತಿ ಡಿಸ್ಕನ್ನ ಇಮೇಜ್ (ಹಂಗಂಗೇ ನಕಲು) ಮಾಡಿ ಸರ್ವರ್‌ಗೆ ಹಾಕ್ಲಿ, ಫೈಲ್ ಹುಡ್ಕೋದೆಲ್ಲಾ ಆ ಇಮೇಜಲ್ಲಿ. ಸದ್ದು ಜೋರಾದ್ರೆ ತಕ್ಷಣ ಆಫ್ ಮಾಡಿ. ಮಿಕ್ಕಿದ ಡಿಸ್ಕ್‌ಗಳನ್ನ ನಾಳೆ ನೋಡ್ಕೋಬೋದು.

ಶಟರ್_ದಾವಣಗೆರೆ
ಬಿಚ್ಚಿಟ್ಟೆ. ಲ್ಯಾಬಲ್ಲಿ ರೇಟ್ ಕೇಳಿ ಹೇಳ್ತೀನಿ.